ನಾಯಿಯ ಸ್ಥಾನದಲ್ಲಿ ನಿಂತ ಬಾಲಕ: ಆರಂಭಕಾಲದ ಅಮೆರಿಕನ್ ಭಾವಚಿತ್ರಗಳಲ್ಲಿ ಬಾಲ್ಯ ಮತ್ತು ಸಾಕುಪ್ರಾಣಿ

ಅಮೆರಿಕದ ವಸಾಹತು ಕಾಲದ ಕಲೆಯನ್ನು ಕುರಿತ ಗ್ರಂಥಗಳಲ್ಲಿ ಮಕ್ಕಳ ಭಾವಚಿತ್ರಗಳ ಚರ್ಚೆಗೆ ಒಂದು ಬಗೆಯ ಸೌಮ್ಯತೆ ಇರುತ್ತದೆ. ವರ್ತಕರು, ಜಮೀನ್ದಾರರು, ಪಾದ್ರಿಗಳು ತಮ್ಮ ಗತ್ತನ್ನು ಮೆರೆಯುವ ಚಿತ್ರಗಳ ನಡುವೆ ಅಳಿಲನ್ನು ಹಿಡಿದ ಹುಡುಗ, ಬೆರಳ ಮೇಲೆ ಹಕ್ಕಿಯನ್ನು ಕೂರಿಸಿಕೊಂಡ ಹುಡುಗಿ, ಕಾಲಬಳಿ ಮಲಗಿದ ನಾಯಿ ಇವೆಲ್ಲ ನೋಡುಗನಿಗೆ ವಿಶ್ರಾಂತಿಯ ತಾಣಗಳಂತೆ ಕಾಣುತ್ತವೆ. ಈ ಚಿತ್ರಗಳನ್ನು ವಿವರಿಸುವ ವಿದ್ವಾಂಸರೂ ಬಹುಮಟ್ಟಿಗೆ ಎರಡೇ ಹಾದಿಗಳನ್ನು ಹಿಡಿದಿದ್ದಾರೆ. ಪ್ರಾಣಿಯನ್ನು ಒಂದು ಸಂಕೇತವೆಂದು ಓದುವುದು ಮೊದಲನೆಯದು. ಬಾಲ್ಯದ ಪರಿಕಲ್ಪನೆ ಬದಲಾದುದಕ್ಕೆ ಸಾಕ್ಷಿಯೆಂದು ಓದುವುದು ಎರಡನೆಯದು. ಎರಡೂ ಹಾದಿಗಳು ಅಗತ್ಯವಾದುವೇ. ಆದರೆ ಈ ಎರಡರಲ್ಲಿಯೂ ಪ್ರಾಣಿಯ ಕೊರಳಿಗೆ ಬಿದ್ದಿರುವ ಸರಪಳಿಯ ಪ್ರಶ್ನೆ ಹಿಂದೆ ಸರಿಯುತ್ತದೆ. ಆ ಸರಪಳಿಯ ಇನ್ನೊಂದು ತುದಿಯನ್ನು ಹಿಡಿದು ನಡೆದರೆ ನಾವು ತಲಪುವುದು ಇನ್ನೊಂದು ಮಗುವಿನ ಕೊರಳಿಗೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಪರಿಭಾಷೆಯ ಬಗ್ಗೆ ಒಂದು ಮಾತು. ಇಂಗ್ಲಿಷಿನ ‘ಪೆಟ್’ ಎಂಬ ಪದಕ್ಕೆ ಕನ್ನಡದಲ್ಲಿ ಸರಿಸಮನಾದ ಪದವಿಲ್ಲ. ‘ಸಾಕುಪ್ರಾಣಿ’ ಎಂದಾಗ ಹಟ್ಟಿಯ ಹಸುವೂ ಹೊಲದ ಎತ್ತೂ ಅದರೊಳಗೆ ಸೇರುತ್ತವೆ. ‘ಮುದ್ದಿನ ಪ್ರಾಣಿ’ ಎಂಬುದು ವಿವರಣೆಯೇ ಹೊರತು ಹೆಸರಲ್ಲ. ಆದರೆ ‘ಸಾಕು’ ಎಂಬ ಕ್ರಿಯಾಪದದ ವ್ಯಾಪ್ತಿ ನಮ್ಮ ಚರ್ಚೆಗೆ ಉಪಯುಕ್ತವಾದುದು. ನಾಯಿಯನ್ನೂ ಸಾಕುತ್ತೇವೆ, ತಬ್ಬಲಿ ಮಗುವನ್ನೂ ಸಾಕುತ್ತೇವೆ. ಸಾಕುಮಗ, ಸಾಕುತಾಯಿ ಎಂಬ ಮಾತುಗಳು ನಮ್ಮಲ್ಲಿವೆ. ಹಾಗೆಯೇ ‘ಪಳಗು’ ಎಂಬುದು ಕಾಡಿನಿಂದ ಹಿಡಿದು ತಂದ ಆನೆಗೂ ಸಲ್ಲುತ್ತದೆ, ಕೆಲಸ ಕಲಿತ ಕೈಗೂ ಸಲ್ಲುತ್ತದೆ. ಪೋಷಣೆ, ಶಿಕ್ಷಣ, ಅಧೀನತೆ ಈ ಮೂರೂ ಒಂದರೊಳಗೊಂದು ಬೆರೆತಿರುವ ಸಂಗತಿಯನ್ನು ಕನ್ನಡ ಭಾಷೆ ಮರೆಮಾಚುವುದಿಲ್ಲ. ನಾವು ನೋಡಲಿರುವ ಚಿತ್ರಗಳು ಅದನ್ನು ಮರೆಮಾಚಲು ಯತ್ನಿಸುತ್ತವೆ. ಆ ಯತ್ನದಲ್ಲಿಯೇ ಸಿಕ್ಕಿಬೀಳುತ್ತವೆ.

1

ನ್ಯೂ ಇಂಗ್ಲೆಂಡಿನ ಮಕ್ಕಳ ಭಾವಚಿತ್ರಗಳಲ್ಲಿ ಅತ್ಯಂತ ಹಳೆಯವುಗಳ ಸಾಲಿಗೆ ಸೇರುವುವು 1670ರ ಸುಮಾರಿನಲ್ಲಿ ಬಾಸ್ಟನ್ನಿನಲ್ಲಿ ರಚಿತವಾದುವು. ಚಿತ್ರಕಾರನ ಹೆಸರು ಉಳಿದಿಲ್ಲ. ಚಿತ್ರಿತ ಕುಟುಂಬಗಳ ಹೆಸರಿನಿಂದ ಅವನನ್ನು ಫ್ರೀಕ್–ಗಿಬ್ಸ್ ಚಿತ್ರಕಾರನೆಂದು ಕರೆಯುವುದು ರೂಢಿ. ಅವನ ಹೆನ್ರಿ ಗಿಬ್ಸ್ ಎಂಬ ಶಿಶುವಿನ ಚಿತ್ರದಲ್ಲಿ ಮಗುವಿನ ಕೈಯಲ್ಲೊಂದು ಪುಟ್ಟ ಹಕ್ಕಿಯಿದೆ. ಹಕ್ಕಿಯೆಂದರೆ ಆತ್ಮ, ಅಳಿಲೆಂದರೆ ಶ್ರಮ ಮತ್ತು ತಾಳ್ಮೆ, ನಾಯಿಯೆಂದರೆ ನಿಷ್ಠೆ ಎಂಬ ಅರ್ಥಗಳನ್ನು ಯುರೋಪಿನ ಸಂಕೇತಗ್ರಂಥಗಳು ಬಹುಕಾಲದಿಂದ ಪ್ರಚುರಪಡಿಸಿದ್ದುವು. ರೋಲಂಡ್ ಫ್ಲೈಷರ್ ಮೊದಲಾದ ವಿದ್ವಾಂಸರು ವಸಾಹತಿನ ಚಿತ್ರಗಳಲ್ಲಿಯೂ ಇಂತಹ ಸಂಕೇತಗಳು ಕೆಲಸ ಮಾಡುತ್ತಿವೆಯೆಂದು ತೋರಿಸಿಕೊಟ್ಟರು. ವಿಲಿಯಂ ವಿಲಿಯಮ್ಸ್ 1766ರಲ್ಲಿ ಚಿತ್ರಿಸಿದ, ಫಿಲಡೆಲ್ಫಿಯದ ಮುದ್ರಕ ಡೇವಿಡ್ ಹಾಲ್‌ನ ಮಗಳು ಡೆಬೊರಾ ಹಾಲ್‌ಳ ಭಾವಚಿತ್ರ ಇದಕ್ಕೆ ಒಳ್ಳೆಯ ನಿದರ್ಶನ. ಈಗ ಬ್ರೂಕ್ಲಿನ್ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಗುಲಾಬಿಗಳಿವೆ, ಅಪೋಲೊ ಮತ್ತು ಡಾಫ್ನೆಯರ ಉಬ್ಬುಶಿಲ್ಪವಿದೆ, ಬಂಧಿಸಿ ಹಿಡಿದ ಅಳಿಲೂ ಇದೆ.

ಪ್ರಾಣಿಗಳು ಯಾವಾಗಲೂ ಮನೆಯಲ್ಲಿ ಸಾಕಿದವೇ ಆಗಿರಬೇಕಿರಲಿಲ್ಲ. ನ್ಯೂಯಾರ್ಕಿನ ಡಿ ಪೈಸ್ಟರ್ ಕುಟುಂಬದ ಬಾಲಕನೊಬ್ಬ ಜಿಂಕೆಯೊಡನೆ ನಿಂತಿರುವ, 1730ರ ದಶಕದ ಪ್ರಸಿದ್ಧ ಚಿತ್ರದ ಜಿಂಕೆ ಅಮೆರಿಕದ ಕಾಡಿನಿಂದ ಬಂದುದಲ್ಲ. ಇಂಗ್ಲೆಂಡಿನ ಆಸ್ಥಾನ ಚಿತ್ರಕಾರ ನೆಲ್ಲರ್‌ನ ಕೃತಿಯೊಂದರ ಮೆಜೊಟಿಂಟ್ ಅಚ್ಚಿನಿಂದ ಬಂದುದು. ಇಂತಹ ಅಚ್ಚುಗಳೇ ವಸಾಹತಿನ ಚಿತ್ರಕಾರರ ಪಾಠಪುಸ್ತಕಗಳಾಗಿದ್ದುವೆಂಬುದನ್ನು ವಾಲ್ಡ್ರನ್ ಫೀನಿಕ್ಸ್ ಬೆಲ್‌ನ್ಯಾಪ್ ಸಾಧಾರವಾಗಿ ಸ್ಥಾಪಿಸಿದನು. ಅಂದರೆ ಚಿತ್ರದಲ್ಲಿ ಮೊದಲು ಇರುವುದು ಪ್ರಾಣಿಯಲ್ಲ, ಪ್ರಾಣಿಗಾಗಿ ಸಿದ್ಧವಾದ ಒಂದು ಸ್ಥಾನ. ಮಗುವಿನ ಪಕ್ಕ, ಮಗುವಿಗಿಂತ ಕೆಳಗೆ, ಮಗುವಿನ ಕಡೆಗೆ ಮುಖವೆತ್ತಿದ ಸ್ಥಾನ ಅದು. ಅಲ್ಲಿ ಜಿಂಕೆ ನಿಲ್ಲಬಹುದು, ನಾಯಿ ನಿಲ್ಲಬಹುದು. ಇನ್ನಾರು ನಿಲ್ಲಬಹುದು ಎಂಬ ಪ್ರಶ್ನೆಯನ್ನು ಸಂಕೇತಗಳ ಶೋಧ ಕೇಳುವುದಿಲ್ಲ.

2

ಎರಡನೆಯ ಹಾದಿ ಬಾಲ್ಯದ ಚರಿತ್ರೆಯದು. ಫಿಲಿಪ್ ಆರಿಯೆಸ್ 1960ರಲ್ಲಿ ಪ್ರಕಟಿಸಿದ ಗ್ರಂಥದಿಂದ ಮೊದಲುಗೊಂಡು ಬಾಲ್ಯವೆಂಬುದು ಚರಿತ್ರೆಯಲ್ಲಿ ರೂಪುಗೊಂಡ ಕಲ್ಪನೆಯೆಂಬ ವಾದ ಬೆಳೆಯಿತು. ಅಮೆರಿಕದ ಮಟ್ಟಿಗೆ ಕರಿನ್ ಕ್ಯಾಲ್ವರ್ಟ್ 1982ರ ಲೇಖನದಲ್ಲಿ, 1670ರಿಂದ 1810ರವರೆಗಿನ ಭಾವಚಿತ್ರಗಳ ಉಡುಪು, ಭಂಗಿ, ಕೈಯಲ್ಲಿನ ವಸ್ತುಗಳನ್ನು ಹೋಲಿಸಿ ಈ ಪರಿವರ್ತನೆಯನ್ನು ಗುರುತಿಸಿದಳು. ಈ ಪರಿವರ್ತನೆಯ ತಾತ್ವಿಕ ಮೂಲವನ್ನು ಹುಡುಕಿದವರು ತಪ್ಪದೆ ಜಾನ್ ಲಾಕ್‌ನ ಶಿಕ್ಷಣ ಚಿಂತನೆಯ ಕಡೆಗೆ ಬರುತ್ತಾರೆ. 1693ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಲಾಕ್, ಮಕ್ಕಳು ಹಕ್ಕಿಮರಿಗಳನ್ನೂ ಚಿಟ್ಟೆಗಳನ್ನೂ ಹಿಂಸಿಸುವುದನ್ನು ತಡೆಯಬೇಕೆಂದು ಹೇಳುತ್ತಾನೆ. ಪ್ರಾಣಿಗಳಿಗೆ ಕ್ರೂರಿಯಾದವನು ಮನುಷ್ಯರಿಗೂ ಕ್ರೂರಿಯಾದಾನೆಂಬುದು ಅವನ ತರ್ಕ. ತಾನು ಬಲ್ಲ ಒಬ್ಬ ತಾಯಿ ತನ್ನ ಹೆಣ್ಣುಮಕ್ಕಳಿಗೆ ನಾಯಿ, ಅಳಿಲು, ಹಕ್ಕಿಗಳನ್ನು ಕೊಡಿಸಿ, ಅವುಗಳನ್ನು ಚೆನ್ನಾಗಿ ನೋಡಿಕೊಳ್ಳುವ ಹೊಣೆಯನ್ನೂ ಅವರ ಮೇಲೆಯೇ ಹೊರಿಸುತ್ತಿದ್ದಳೆಂದು ಅವನು ಮೆಚ್ಚಿ ಬರೆಯುತ್ತಾನೆ. ಈ ಮೂರು ಪ್ರಾಣಿಗಳೇ ಮುಂದಿನ ಶತಮಾನದ ಅಮೆರಿಕನ್ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ.

ಲಾಕ್‌ನ ಗ್ರಂಥದಲ್ಲಿ ಪ್ರಾಣಿದಯೆಯ ಭಾಗದ ಬೆನ್ನಿಗೇ ಬರುವುದು ಸೇವಕರ ಪ್ರಸಂಗ. ಶ್ರೀಮಂತರ ಮಕ್ಕಳು ಮನೆಯ ಆಳುಗಳನ್ನು ದರ್ಪದಿಂದ ಕಾಣಬಾರದು, ಸೌಜನ್ಯದಿಂದ ನಡೆಸಿಕೊಳ್ಳಬೇಕು ಎಂದು ಅವನು ಬೋಧಿಸುತ್ತಾನೆ. ಪ್ರಾಣಿಯಿಂದ ಸೇವಕನೆಡೆಗೆ ಸಾಗುವ ಈ ಕ್ರಮ ಆಕಸ್ಮಿಕವಲ್ಲ. ಮಗುವಿಗೆ ಕಲಿಸಬೇಕಾದುದು ತನಗಿಂತ ಕೆಳಗಿನವರನ್ನು ಮೃದುವಾಗಿ ಆಳುವ ವಿದ್ಯೆ. ಅಧಿಕಾರವನ್ನು ಬಿಡುವುದಲ್ಲ, ಅದನ್ನು ಹಿತವಾಗಿ ಧರಿಸುವುದು. ಇದೇ ಲಾಕ್, ಕೆರೊಲಿನ ವಸಾಹತಿನ ಒಡೆಯರ ಕಾರ್ಯದರ್ಶಿಯಾಗಿ, ನೀಗ್ರೋ ಗುಲಾಮರ ಮೇಲೆ ಒಡೆಯನಿಗೆ ಪೂರ್ಣಾಧಿಕಾರವನ್ನು ನೀಡಿದ 1669ರ ಶಾಸನದ ಕರಡು ರಚನೆಯಲ್ಲಿ ಭಾಗಿಯಾಗಿದ್ದನೆಂಬುದನ್ನೂ, ಆಫ್ರಿಕದ ಗುಲಾಮ ವ್ಯಾಪಾರ ನಡೆಸಿದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಹಣ ತೊಡಗಿಸಿದ್ದನೆಂಬುದನ್ನೂ ಜೊತೆಯಲ್ಲಿಟ್ಟು ಓದಿದಾಗ ಆ ವಿದ್ಯೆಯ ಮೇರೆಗಳು ಸ್ಪಷ್ಟವಾಗುತ್ತವೆ. ಯಿ-ಫು ತುವಾನ್ 1984ರಲ್ಲಿ ಮುದ್ದುಪ್ರಾಣಿಗಳನ್ನು ಕುರಿತು ಬರೆದ ಗ್ರಂಥದಲ್ಲಿ ವಾತ್ಸಲ್ಯವು ಅಧಿಕಾರದ ವಿರುದ್ಧ ಪದವಲ್ಲ, ಅಧಿಕಾರವೇ ಮೃದುವಾಗಿ ತೋರುವ ಮುಖ ಎಂದು ವಾದಿಸಿದನು. ಈ ಮಾತಿಗೆ ಅಮೆರಿಕದ ಮಕ್ಕಳ ಚಿತ್ರಗಳಿಗಿಂತ ಸಮರ್ಥವಾದ ಸಾಕ್ಷ್ಯ ದೊರೆಯುವುದು ಕಷ್ಟ.

3

ಈಗ ಈ ಪರಂಪರೆಯ ಅತ್ಯುತ್ತಮ ಕೃತಿಯನ್ನು ನೋಡೋಣ. ಜಾನ್ ಸಿಂಗಲ್‌ಟನ್ ಕೋಪ್ಲಿ (1738–1815) ಬಾಸ್ಟನ್ನಿನಲ್ಲಿ ಬೆಳೆದ, ಬಹುಮಟ್ಟಿಗೆ ತಾನೇ ಕಲಿತ ಕಲಾವಿದ. 1765ರಲ್ಲಿ ಅವನು ತನ್ನ ಮಲತಮ್ಮ ಹೆನ್ರಿ ಪೆಲ್ಹಮ್‌ನನ್ನು ಹಾರುವ ಅಳಿಲಿನೊಡನೆ ಚಿತ್ರಿಸಿದನು. ಕೆಂಪು ತೆರೆಯ ಮುಂದೆ, ಹೊಳೆಯುವ ಮಹಾಗನಿ ಮೇಜಿನ ಅಂಚಿನಲ್ಲಿ, ಪಾರ್ಶ್ವಮುಖವಾಗಿ ಕುಳಿತ ಹುಡುಗ ಎಲ್ಲಿಗೋ ದೃಷ್ಟಿ ನೆಟ್ಟಿದ್ದಾನೆ. ಮೇಜಿನ ಮೇಲೆ ನೀರು ತುಂಬಿದ ಗಾಜಿನ ಲೋಟ, ಅದರ ಬಳಿ ಕಾಯಿ ಮೆಲ್ಲುತ್ತಿರುವ ಅಳಿಲು. ಅಳಿಲಿನ ಕೊರಳಿನಿಂದ ಹೊರಟ ತೆಳುವಾದ ಚಿನ್ನದ ಸರಪಳಿ ಹುಡುಗನ ಬೆರಳುಗಳ ನಡುವೆ ಸಡಿಲವಾಗಿ ತೂಗುತ್ತದೆ.

ಈ ಚಿತ್ರ 1766ರಲ್ಲಿ ಲಂಡನ್ನಿನ ಕಲಾವಿದರ ಸಂಘದ ಪ್ರದರ್ಶನಕ್ಕೆ ಹೋಯಿತು. ಜೋಶುವಾ ರೆನಾಲ್ಡ್ಸ್ ಅದನ್ನು ಬಹುವಾಗಿ ಮೆಚ್ಚಿದನು. ಬಾಸ್ಟನ್ನಿನ ಸಣ್ಣ ವಲಯದಲ್ಲಿ ದುಡಿಯುತ್ತ ಶೈಲಿ ಕೆಟ್ಟು ಗಟ್ಟಿಯಾಗುವ ಮುನ್ನ ಕಲಾವಿದ ಯುರೋಪಿಗೆ ಬರಬೇಕೆಂದೂ ಹೇಳಿ ಕಳುಹಿಸಿದನು. ಲಂಡನ್ನಿನಲ್ಲಿ ನೆಲೆಸಿದ್ದ ಅಮೆರಿಕನ್ ಚಿತ್ರಕಾರ ಬೆಂಜಮಿನ್ ವೆಸ್ಟ್ ರೇಖೆಗಳು ಅತಿಯಾಗಿ ಬಿಗಿಯಾಗಿವೆಯೆಂದು ಆಕ್ಷೇಪಿಸಿದನು. ಜೆನ್ನಿಫರ್ ರಾಬರ್ಟ್ಸ್ 2014ರ ತನ್ನ ಗ್ರಂಥದಲ್ಲಿ ಈ ಚಿತ್ರವನ್ನು ಅಟ್ಲಾಂಟಿಕ್ ಸಾಗರವನ್ನು ದಾಟುವ ಪಯಣವನ್ನೇ ವಸ್ತುವಾಗಿಸಿಕೊಂಡ ಕೃತಿಯೆಂದು ಓದಿದ್ದಾಳೆ. ಆ ಓದು ಫಲಪ್ರದವಾದುದು.

ಆದರೆ ಸರಪಳಿಯ ವಿಷಯದಲ್ಲಿ ಇನ್ನೂ ಹೇಳಬೇಕಾದುದಿದೆ. ಅಮೆರಿಕದ ಹಾರುವ ಅಳಿಲು ನಿಶಾಚರಿ. ಮರದಿಂದ ಮರಕ್ಕೆ ತೇಲುವ ಪ್ರಾಣಿ. ಅದನ್ನು ಹಗಲ ಬೆಳಕಿನಲ್ಲಿ, ಹೊಳಪಿಟ್ಟ ಮೇಜಿನ ಮೇಲೆ, ಚಿನ್ನದ ಎಳೆಯಲ್ಲಿ ಕೂರಿಸುವುದೆಂದರೆ ಅದರ ಸ್ವಭಾವದ ಮೇಲೆ ಸಂಪೂರ್ಣ ಜಯ ಸಾಧಿಸುವುದು. ಕೋಪ್ಲಿಯ ಪ್ರತಿಭೆಯಿರುವುದು ಆ ಜಯದಲ್ಲಿ ಬಲಪ್ರಯೋಗದ ಒಂದು ಕುರುಹನ್ನೂ ಉಳಿಸದೆ ಇರುವುದರಲ್ಲಿ. ಸರಪಳಿ ಸಡಿಲವಾಗಿದೆ, ಹುಡುಗ ಅದರತ್ತ ನೋಡುತ್ತಲೂ ಇಲ್ಲ. ಎಳೆಯಬೇಕಾದ ಅಗತ್ಯವೇ ಇಲ್ಲದ ಅಧಿಕಾರ ಇದು. 1771ರಲ್ಲಿ ನ್ಯೂಯಾರ್ಕಿನಲ್ಲಿ ಅವನು ಚಿತ್ರಿಸಿದ, ಈಗ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿರುವ ಡೇನಿಯಲ್ ಕ್ರೊಮ್ಮೆಲಿನ್ ವರ್‌ಪ್ಲಾಂಕ್ ಎಂಬ ಒಂಬತ್ತು ವರ್ಷದ ಹುಡುಗನ ಚಿತ್ರದಲ್ಲಿಯೂ ಇದೇ ರಚನೆ ಮರುಕಳಿಸುತ್ತದೆ: ಅಳಿಲು, ಬಂಧ, ನಿಶ್ಚಿಂತ ಮುಖ.

ಅಳಿಲು ಆ ಸಮಾಜದಲ್ಲಿ ಎಷ್ಟು ಮುದ್ದಿನ ಪ್ರಾಣಿಯಾಗಿತ್ತೆಂಬುದಕ್ಕೆ ಬೆಂಜಮಿನ್ ಫ್ರ್ಯಾಂಕ್ಲಿನ್ ಸಾಕ್ಷಿ. ಇಂಗ್ಲೆಂಡಿನ ಶಿಪ್ಲಿ ಕುಟುಂಬದ ಹೆಣ್ಣುಮಕ್ಕಳಿಗೆ ಅವನು ಅಮೆರಿಕದಿಂದ ತರಿಸಿಕೊಟ್ಟ ಮುಂಗೊ ಎಂಬ ಅಳಿಲು ಪಂಜರದಿಂದ ತಪ್ಪಿಸಿಕೊಂಡು ನಾಯಿಯ ಬಾಯಿಗೆ ಬಿದ್ದಿತು. 1772ರಲ್ಲಿ ಅವನು ಜಾರ್ಜಿಯಾನಾ ಶಿಪ್ಲಿಗೆ ಬರೆದ ಪತ್ರದಲ್ಲಿ ಅದಕ್ಕೊಂದು ಸಮಾಧಿಲೇಖವನ್ನೇ ರಚಿಸಿದನು. ಅತಿಸ್ವಾತಂತ್ರ್ಯವನ್ನು ಬಯಸಿದವರಿಗೆ ಇದು ಪಾಠವೆಂಬುದು ಅದರ ವಿನೋದದ ತಿರುಳು. ಕೆಲವೇ ವರ್ಷಗಳಲ್ಲಿ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಲಿದ್ದವನ ಲೇಖನಿಯಿಂದ ಬಂದ ಈ ವಿನೋದ ಇಂದಿನ ಓದುಗನನ್ನು ತಡೆದು ನಿಲ್ಲಿಸುತ್ತದೆ.

4

ಕೋಪ್ಲಿಗಿಂತ ಅರ್ಧ ಶತಮಾನಕ್ಕೂ ಹಿಂದಿನ ಮೇರಿಲ್ಯಾಂಡಿಗೆ ಹೋದರೆ ಚಿನ್ನದ ಎಳೆಯ ಮೃದುತ್ವ ಇಲ್ಲವಾಗುತ್ತದೆ. ಜರ್ಮನ್ ಮೂಲದ ಯುಸ್ಟಸ್ ಎಂಗೆಲ್‌ಹಾರ್ಟ್ ಕ್ಯೂನ್ ಅನಾಪೊಲಿಸ್‌ನಲ್ಲಿ ನೆಲೆಸಿ 1717ರಲ್ಲಿ ತೀರಿಕೊಂಡ ಚಿತ್ರಕಾರ. 1710ರ ಸುಮಾರಿನಲ್ಲಿ ಅವನು ಡಾರ್ನಲ್ ಎಂಬ ಶ್ರೀಮಂತ ಕ್ಯಾಥೊಲಿಕ್ ಕುಟುಂಬದ ಇಬ್ಬರು ಮಕ್ಕಳನ್ನು ಬೇರೆ ಬೇರೆ ಪಟಗಳಲ್ಲಿ ಚಿತ್ರಿಸಿದನು. ಎರಡೂ ಈಗ ಬಾಲ್ಟಿಮೋರಿನಲ್ಲಿವೆ. ಎಲೆನರ್ ಡಾರ್ನಲ್‌ಳ ಚಿತ್ರದಲ್ಲಿ ಹುಡುಗಿಯ ಪಕ್ಕದಲ್ಲಿ ನಾಯಿಯಿದೆ. ಮೂರನೆಯ ಹೆನ್ರಿ ಡಾರ್ನಲ್‌ನ ಚಿತ್ರದಲ್ಲಿ ಹುಡುಗ ಬಿಲ್ಲುಬಾಣ ಹಿಡಿದು ನಿಂತಿದ್ದಾನೆ. ಅವನ ಹಿಂಬದಿಯಲ್ಲಿ, ಕಟಾಂಜನದ ಆಚೆ, ಕೆಳಗಿನ ನೆಲೆಯಲ್ಲಿ ಒಬ್ಬ ಕಪ್ಪು ಬಾಲಕ ನಿಂತು ಸತ್ತ ಹಕ್ಕಿಯೊಂದನ್ನು ಒಡೆಯನಿಗೆ ಒಪ್ಪಿಸುವಂತೆ ಹಿಡಿದಿದ್ದಾನೆ. ಅವನ ಕೊರಳಲ್ಲಿ ಬೆಳ್ಳಿಯ ಪಟ್ಟಿ. ಅಮೆರಿಕದ ವಸಾಹತು ಭಾವಚಿತ್ರಗಳಲ್ಲಿ ಆಫ್ರಿಕನ್ ಮೂಲದ ವ್ಯಕ್ತಿಯ ಅತ್ಯಂತ ಪ್ರಾಚೀನ ಚಿತ್ರಣವೆಂದು ಇದನ್ನು ಸಾಮಾನ್ಯವಾಗಿ ಗುರುತಿಸಲಾಗಿದೆ.

ಈ ಎರಡು ಪಟಗಳನ್ನು ಪ್ರತ್ಯೇಕವಾಗಿ ವಿವರಿಸುವುದು ವಾಡಿಕೆ. ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಮಾತ್ರ ಅವುಗಳ ವ್ಯಾಕರಣ ತಿಳಿಯುತ್ತದೆ. ಬೇಟೆಗಾರನು ಹೊಡೆದುರುಳಿಸಿದ ಹಕ್ಕಿಯನ್ನು ಹುಡುಕಿ ತಂದು ಒಪ್ಪಿಸುವುದು ಬೇಟೆನಾಯಿಯ ಕೆಲಸ. ತಂಗಿಯ ಪಟದಲ್ಲಿ ನಾಯಿಗೆ ದೊರೆತ ಸ್ಥಾನವು ಅಣ್ಣನ ಪಟದಲ್ಲಿ ಬಾಲಕನಿಗೆ ದೊರೆತಿದೆ. ಕೆಲಸವೂ ನಾಯಿಯದೇ, ಕೊರಳ ಪಟ್ಟಿಯೂ ನಾಯಿಯದೇ. ಮೆಜೊಟಿಂಟ್ ಅಚ್ಚುಗಳು ಸಿದ್ಧಪಡಿಸಿದ ‘ಪ್ರಾಣಿಯ ಸ್ಥಾನ’ದಲ್ಲಿ ಇನ್ನಾರು ನಿಲ್ಲಬಹುದೆಂಬ ನಮ್ಮ ಪ್ರಶ್ನೆಗೆ ಕ್ಯೂನ್ ಕೊಟ್ಟ ಉತ್ತರ ಇದು. 1761ರಲ್ಲಿ ಜಾನ್ ಹೆಸೆಲಿಯಸ್ ಚಿತ್ರಿಸಿದ ಐದು ವರ್ಷದ ಚಾರ್ಲ್ಸ್ ಕ್ಯಾಲ್ವರ್ಟ್‌ನ ಪಟದಲ್ಲಿ ಪ್ರಾಣಿಯೇ ಇಲ್ಲ. ಅದರ ಅಗತ್ಯವೂ ಇಲ್ಲ. ಅಲ್ಲಿ ಗುಲಾಮ ಬಾಲಕನೊಬ್ಬ ಮಂಡಿಯೂರಿ ಡೋಲನ್ನು ಹಿಡಿದು ಚಾರ್ಲ್ಸ್‌ನ ಕಡೆಗೆ ಮುಖವೆತ್ತಿದ್ದಾನೆ.

ಇದು ಅಮೆರಿಕದ ಸೃಷ್ಟಿಯಲ್ಲ, ಇಂಗ್ಲಿಷ್ ರೂಢಿಯೆಂದು ವಾದಿಸಬಹುದು. ಆ ಮಾತು ನಿಜ. ನಿಜವಾದುದರಿಂದಲೇ ಅದು ನಮಗೂ ಸಂಬಂಧಿಸಿದೆ. 1719ರ ಸುಮಾರಿನ ಎಲಿಹು ಯೇಲ್‌ನ ಸಮೂಹಚಿತ್ರದಲ್ಲಿ ಕೊರಳಿಗೆ ಬೀಗಹಾಕಿದ ಪಟ್ಟಿ ತೊಟ್ಟ ಬಾಲಕನೊಬ್ಬ ಸೇವೆಗೆ ನಿಂತಿದ್ದಾನೆ. ಹಿನ್ನೆಲೆಯಲ್ಲಿ ಬಿಳಿಯ ಮಕ್ಕಳು ಆಡುತ್ತಿದ್ದಾರೆ. ಬಾಸ್ಟನ್ನಿನಲ್ಲಿ ಹುಟ್ಟಿದ ಈ ಯೇಲ್ 1687ರಿಂದ 1692ರವರೆಗೆ ಮದರಾಸಿನ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದವನು. ಅವನ ಸಂಪತ್ತು ಕೂಡಿದ್ದು ಅಲ್ಲಿಯೇ. ಕೋಪ್ಲಿಯ ಅಳಿಲಿನ ಚಿತ್ರವನ್ನು ಹೊಗಳಿದ ರೆನಾಲ್ಡ್ಸ್ ಸುಮಾರು ಅದೇ ಸಮಯದಲ್ಲಿ, ಭಾರತದಲ್ಲಿ ಹಣಗಳಿಸಿ ಮರಳಿದ ಜಾರ್ಜ್ ಕ್ಲೈವ್‌ನ ಕುಟುಂಬವನ್ನು ಚಿತ್ರಿಸಿದನು. ಆ ಪಟದಲ್ಲಿ ಮಗುವನ್ನು ಆನಿಸಿ ಹಿಡಿದು ಬಾಗಿರುವವಳು ಒಬ್ಬ ಭಾರತೀಯ ಆಯಾ. ಅವಳ ಹೆಸರೂ ಪಟದ ಶೀರ್ಷಿಕೆಯಲ್ಲಿಲ್ಲ.

5

ಕೋಪ್ಲಿ 1758ರ ಸುಮಾರಿನಲ್ಲಿ ಚಿತ್ರಿಸಿದ ಮೇರಿ ಮತ್ತು ಎಲಿಜಬೆತ್ ರಾಯಲ್ ಸಹೋದರಿಯರ ಚಿತ್ರ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಆಕರ್ಷಕ ಕೃತಿಗಳಲ್ಲೊಂದು. ಮಿರುಗುವ ರೇಷ್ಮೆಯ ಉಡುಪುಗಳು, ಮಡಿಲ ಬಳಿ ಸ್ಪ್ಯಾನಿಯಲ್ ನಾಯಿಮರಿ, ಬೆರಳ ಮೇಲೆ ಅಮೆರಿಕ ಖಂಡಗಳಲ್ಲಿ ಮಾತ್ರ ಕಾಣಸಿಗುವ ಹಮ್ಮಿಂಗ್ ಹಕ್ಕಿ. ಮಕ್ಕಳ ತಂದೆ ಐಸಾಕ್ ರಾಯಲ್‌ನ ಐಶ್ವರ್ಯ ಬಂದುದು ಆಂಟಿಗ್ವಾದ ಕಬ್ಬಿನ ತೋಟಗಳಿಂದ ಹಾಗೂ ಗುಲಾಮರ ದುಡಿಮೆಯಿಂದ. ಮೆಡ್‌ಫರ್ಡ್‌ನಲ್ಲಿ ಅವನ ಮನೆಯ ಪಕ್ಕದ ಗುಲಾಮರ ವಸತಿ ಇಂದಿಗೂ ನಿಂತಿದೆ.

ಆ ಮನೆಯಲ್ಲಿ ದುಡಿದ ಬೆಲಿಂಡಾ ಎಂಬ ಮಹಿಳೆ 1783ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಮನವಿ ಸಲ್ಲಿಸಿ, ತನ್ನ ದುಡಿಮೆಯಿಂದ ಬೆಳೆದ ಆಸ್ತಿಯಲ್ಲಿ ಜೀವನಾಂಶ ಕೇಳಿದಳು. ಆಫ್ರಿಕದಲ್ಲಿ ತಂದೆತಾಯಿಗಳೊಡನಿದ್ದ ತಾನು ಬಾಲ್ಯದಲ್ಲಿಯೇ ಅಪಹೃತಳಾದ ಪ್ರಸಂಗ ಆ ಮನವಿಯಲ್ಲಿ ಬರುತ್ತದೆ. ರಾಯಲ್ ಮನೆತನದ ಬಾಲ್ಯಕ್ಕೆ ಹೀಗೆ ಎರಡು ದಾಖಲೆಗಳಿವೆ: ಒಂದು ಎಣ್ಣೆಬಣ್ಣದ್ದು, ಇನ್ನೊಂದು ಅರ್ಜಿಯ ಕಾಗದದ್ದು. ಕಲಾಚರಿತ್ರೆಯು ಮೊದಲನೆಯದನ್ನು ಮಾತ್ರ ಬಾಲ್ಯದ ದಾಖಲೆಯೆಂದು ಬಹುಕಾಲ ಕರೆಯಿತು.

ಇಂತಹ ಓದು ಇಂದಿನ ಮೌಲ್ಯಗಳನ್ನು ಅಂದಿನವರ ಮೇಲೆ ಹೇರುತ್ತದೆಂಬ ಆಕ್ಷೇಪಕ್ಕೆ ಥಾಮಸ್ ಜೆಫರ್ಸನ್ನನ ವರ್ಜೀನಿಯ ಕುರಿತ ಟಿಪ್ಪಣಿಗಳೇ ಉತ್ತರ. ಸ್ವತಃ ಗುಲಾಮರ ಒಡೆಯನಾಗಿದ್ದ ಅವನು 1780ರ ದಶಕದಲ್ಲಿ ಪ್ರಕಟವಾದ ಆ ಕೃತಿಯಲ್ಲಿ, ಗುಲಾಮರ ಮೇಲೆ ಕೋಪದಿಂದ ಎರಗುವ ತಂದೆಯನ್ನು ಮಗು ನೋಡಿ ಅನುಕರಿಸುತ್ತದೆ, ದಿನನಿತ್ಯವೂ ನಿರಂಕುಶತೆಯ ಶಿಕ್ಷಣ ಪಡೆಯುತ್ತದೆ ಎಂದು ಬರೆದನು. ಗುಲಾಮಗಿರಿ ಒಡೆಯನ ಮಗುವಿನ ಪಾಠಶಾಲೆಯೂ ಆಗಿತ್ತೆಂಬುದನ್ನು ಅಂದಿನವರೇ ಬಲ್ಲವರಾಗಿದ್ದರು.

6

ಹಾಗಾದರೆ ಮಗು ಪ್ರಾಣಿಯನ್ನು ಅಪ್ಪಿಕೊಂಡ ಪ್ರತಿಯೊಂದು ಚಿತ್ರವೂ ಯಜಮಾನಿಕೆಯ ಘೋಷಣೆಯೇ? ಹಾಗೆಂದು ಸಾರಾಸಗಟಾಗಿ ಹೇಳುವುದು ಇನ್ನೊಂದು ಬಗೆಯ ಸೋಮಾರಿತನ. ತುವಾನ್‌ನ ಸೂತ್ರವನ್ನು ಎಲ್ಲ ಕಡೆಗೂ ಅನ್ವಯಿಸಿದರೆ ಚಿತ್ರಗಳ ನಡುವಣ ವ್ಯತ್ಯಾಸವೇ ಅಳಿಸಿಹೋಗುತ್ತದೆ. ವ್ಯತ್ಯಾಸವನ್ನು ಗುರುತಿಸದ ವಿಮರ್ಶೆಗೆ ಚಿತ್ರಗಳ ಅಗತ್ಯವೇ ಇಲ್ಲ.

ಜೋಶುವಾ ಜಾನ್ಸನ್ ಬಾಲ್ಟಿಮೋರಿನಲ್ಲಿ ವೃತ್ತಿ ನಡೆಸಿದ, ನಮಗೆ ತಿಳಿದಿರುವ ಮೊದಲ ಆಫ್ರಿಕನ್ ಅಮೆರಿಕನ್ ವೃತ್ತಿಪರ ಭಾವಚಿತ್ರಕಾರ. ಗುಲಾಮನಾಗಿದ್ದ ಅವನ ಬಿಡುಗಡೆ ದಾಖಲಾದುದು 1782ರಲ್ಲಿ. 1798ರ ಪತ್ರಿಕಾ ಜಾಹೀರಾತಿನಲ್ಲಿ ಅವನು ತನ್ನನ್ನು ತಾನೇ ಕಲಿತ ಪ್ರತಿಭೆಯೆಂದು ಹೇಳಿಕೊಂಡನು. 1807ರ ಸುಮಾರಿನಲ್ಲಿ ಅವನು ಚಿತ್ರಿಸಿದ ವೆಸ್ಟ್‌ವುಡ್ ಮಕ್ಕಳ ಪಟ ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾಶಾಲೆಯಲ್ಲಿದೆ. ಗಾಡಿ ತಯಾರಕನೊಬ್ಬನ ಮೂವರು ಗಂಡುಮಕ್ಕಳು ಒಂದೇ ಬಗೆಯ ಹಸಿರು ಉಡುಪಿನಲ್ಲಿ ಸಾಲಾಗಿ ನಿಂತಿದ್ದಾರೆ; ಪಕ್ಕದಲ್ಲಿ ಕಪ್ಪು ನಾಯಿ, ಅದರ ಬಾಯಲ್ಲೊಂದು ಹಕ್ಕಿ. ಕ್ಯೂನ್‌ನ ಪಟದಲ್ಲಿ ಬಾಲಕನ ಕೈಯಲ್ಲಿದ್ದ ಹಕ್ಕಿ ಇಲ್ಲಿ ನಾಯಿಯ ಬಾಯಲ್ಲಿದೆ. ಜಾನ್ಸನ್ ಆ ಹಳೆಯ ಪಟವನ್ನು ನೆನೆದು ಹೀಗೆ ಚಿತ್ರಿಸಿದನೆಂದು ವಾದಿಸಬೇಕಾದ ಅಗತ್ಯವಿಲ್ಲ. ಒಂದೇ ಪ್ರಾಂತದ ಎರಡು ಚಿತ್ರಗಳಲ್ಲಿ, ಒಂದು ಶತಮಾನದ ಅಂತರದಲ್ಲಿ, ನಾಯಿಯ ಕೆಲಸ ನಾಯಿಗೆ ಮರಳಿತೆಂಬ ಸಂಗತಿಯೇ ಸಾಕು.

ಅಮ್ಮಿ ಫಿಲಿಪ್ಸ್ (1788–1865) ನ್ಯೂಯಾರ್ಕ್ ಹಾಗೂ ನ್ಯೂ ಇಂಗ್ಲೆಂಡಿನ ಗಡಿನಾಡಿನ ಊರುಗಳಲ್ಲಿ ಸಂಚರಿಸುತ್ತ ಚಿತ್ರ ಬರೆದವನು. 1830–35ರ ನಡುವೆ ಅವನು ರಚಿಸಿದ ಕೆಂಪು ಉಡುಪಿನ ಹುಡುಗಿಯ ಚಿತ್ರದಲ್ಲಿ ಅವಳ ಕೈಯಲ್ಲಿ ಬಿಳಿಯ ಬೆಕ್ಕು, ಕಾಲಬಳಿ ನಾಯಿ. ಇಲ್ಲಿ ಸರಪಳಿಯಿಲ್ಲ. ಬೆಕ್ಕು ಹುಡುಗಿಯ ಮುಖವನ್ನು ನೋಡುವುದಿಲ್ಲ, ಅವಳಂತೆಯೇ ನಮ್ಮತ್ತ ನೋಡುತ್ತದೆ. ಹುಡುಗಿಯೂ ಬೆಕ್ಕೂ ಒಂದೇ ಬಗೆಯ ನಿಶ್ಚಲತೆಯಲ್ಲಿ ಚಿತ್ರಕಾರನಿಗೆ ಒಪ್ಪಿಸಿಕೊಂಡಿರುವ ಜೀವಗಳು. ಈ ಸಮಾನತೆಯನ್ನು ಕೋಪ್ಲಿಯ ಪರಿಣತ ಕುಂಚ ಕಾಣಲಿಲ್ಲ. ಅಲೆಮಾರಿ ಚಿತ್ರಕಾರನ ಚಪ್ಪಟೆಯಾದ ಬಣ್ಣಗಳು ಕಂಡುವು.

ಕೊನೆಯದಾಗಿ ಹೆಸರುಗಳ ಪ್ರಶ್ನೆ. ಚಾರ್ಲ್ಸ್ ವಿಲ್ಸನ್ ಪೀಲ್ ತನ್ನ ಕುಟುಂಬದ ಸಮೂಹಚಿತ್ರವನ್ನು 1773ರಲ್ಲಿ ಆರಂಭಿಸಿ 1809ರಲ್ಲಿ ಮುಗಿಸುವಾಗ ಅದರಲ್ಲಿ ತನ್ನ ನಾಯಿಯನ್ನು ಸೇರಿಸಿದನು; ಆ ನಾಯಿಯ ಹೆಸರು ಆರ್ಗಸ್ ಎಂಬುದು ನಮಗೆ ಗೊತ್ತು. ಶಿಪ್ಲಿ ಮನೆಯ ಅಳಿಲು ಮುಂಗೊ ಎಂಬುದೂ ಗೊತ್ತು. ಹೆನ್ರಿ ಡಾರ್ನಲ್‌ನ ಹಿಂದೆ ನಿಂತ ಬಾಲಕನ ಹೆಸರಾಗಲಿ, ಚಾರ್ಲ್ಸ್ ಕ್ಯಾಲ್ವರ್ಟ್‌ನ ಮುಂದೆ ಮಂಡಿಯೂರಿದವನ ಹೆಸರಾಗಲಿ ಉಳಿದುಬಂದಿಲ್ಲ. ಸಾಕಿದವರು ತಾವು ಸಾಕಿದ ಪ್ರಾಣಿಗೆ ಕೊಟ್ಟಷ್ಟನ್ನೂ ಆ ಮಕ್ಕಳಿಗೆ ಕೊಡಲಿಲ್ಲ. ಆದ್ದರಿಂದ ಇಂತಹ ಚಿತ್ರಗಳನ್ನು ವರ್ಣಿಸುವಾಗ ‘ಮಗು ಮತ್ತು ಅದರ ಪರಿವಾರ’ ಎಂದು ಬರೆದು ಮುಂದೆ ಸಾಗದೆ, ಪಟದಲ್ಲಿರುವ ಮಕ್ಕಳೆಷ್ಟು ಎಂಬ ಸರಳ ಎಣಿಕೆಯಿಂದ ಆರಂಭಿಸುವುದು ಸಂಶೋಧಕನ ಮೊದಲ ಕರ್ತವ್ಯ. ಡಾರ್ನಲ್ ಪಟದಲ್ಲಿರುವ ಮಕ್ಕಳು ಇಬ್ಬರು. ಮದರಾಸು, ಮುಂಬಯಿ, ಹೈದರಾಬಾದುಗಳ ಕಂಪನಿ ಕಾಲದ ಕುಟುಂಬ ಚಿತ್ರಗಳನ್ನು ಅಭ್ಯಸಿಸುವ ನಮ್ಮವರಿಗೂ ಈ ಎಣಿಕೆ ಹೊಸ ಉತ್ತರಗಳನ್ನು ಕೊಡಬಲ್ಲದು.